ಬ್ಯಾರೆ ಬಟ್ಟಲು

"ಪಂಜರ ಕೆಳಗಿಡ್ರಿ ಮಾವಾ!" ಸಂಘಮಿತ್ರಾ ಅಂಗಳದಿಂದಲೇ ಕೂಗಿದಳು.

ಪಂಜರ ಹಿಡಿದು ಪಡಸಾಲೆಗೆ ಹೊರಟಿದ್ದ ದ್ಯಾವಪ್ಪ ಹಿಂದಿನ ಕೋಣೆಯ ಹೊಸ್ತಿಲಲ್ಲೇ ನಿಂತ. ಪಂಜರದೊಳಗೆ ಎರಡು ಬಿಳಿ ಇಲಿಗಳು ಸೀನಿದವು. ಸೈದಾಪುರದಲ್ಲಿ ಫ್ಯಾಕ್ಟರಿಯವರಾರೋ ಬಾಡಿಗೆ ಕೋಣೆ ಖಾಲಿ ಮಾಡುವಾಗ ಅವುಗಳನ್ನು ಅಲ್ಲೇ ಬಿಟ್ಟು ಹೋಗಿದ್ದರು. ಅಲ್ಲಿಯ ಶಾಲೆಯಲ್ಲಿ ಕಲಿಸುವ ಸೊಸೆ ಸಂಘಮಿತ್ರಾ ಪಾಪವೆನಿಸಿ ಶಹಾಪುರದ ಮನೆಗೆ ತಂದಿದ್ದಳು. ಅವಳ ಮುದ್ದಿನ ಮುದಿ ಬಿಳಿ ಇಲಿ ಮುತ್ತಿ ಪಡಸಾಲೆಯಲ್ಲಿ ರಾಣಿಯ ಹಾಗಿತ್ತು. ಬಂದವಕ್ಕೆ ಬೇರೆ ಕೋಣೆ, ಬೇರೆ ಬಟ್ಟಲು.

"ಯಾಕ ಇಡ್ಲಿ? ಎಲ್ಲಾ ಒಂದೇ ಕಡಿ ಉಣ್ಣಲಿ. ಅಂಬ್ರಪ್ಪನ ಹೋಟೆಲ್‌ನ್ಯಾಗ ನಮಗ ಬ್ಯಾರೆ ಕಪ್ಪು ಇಡ್ತಿದ್ರು. ನಾವ ತೊಳದು ಹೊರಗ ಗೂಡಿನಾಗ ಇಡಬೇಕು. ನನ್ನ ಮನ್ಯಾಗ ಇಲಿಗೂ ಬ್ಯಾರೆ ಬಟ್ಟಲ ನಡಿಯಂಗಿಲ್ಲ ನೋಡವಾ."

ಸಂಘಮಿತ್ರಾಳ ಸಿಟ್ಟು ಅಲ್ಲೇ ಇಳಿಯಿತು.

"ನಿಮ್ಮ ಮಗ ಹುಟ್ಟಿದಾಗ ಬಾಣಂತಿ ಕ್ವಾಣಿಗೆ ನಿಮ್ಮನ್ನ ಹಂಗ ಬಿಡ್ತಿದ್ರೇನ್ರಿ?"

"ಎಲ್ಲಿ ಬಿಡ್ತಾರ? ಕೈಕಾಲು ತೊಳಕೊಂಡ್ ಬಾ ಅಂತ ನಮ್ಮವ್ವ ಬಾಗಲದಾಗ ಕುಂತಿರ್ತಿದ್ಲು."

"ನೀವು ಕೀಳಂತೇನ್ರಿ?"

"ಹೇ, ಕೂಸಿಗೇನೂ ತಟ್ಟಬಾರದಂತ."

"ಇದೂ ಹಂಗರಿ. ಇವು ಸೀನಾಕತ್ತಾವ. ಮುತ್ತಿಗೆ ಹತ್ತಿದ್ರ ಅಕಿ ಉಳಿಯಂಗಿಲ್ಲ. ಗುಣ ಆಗೋತನ ಬ್ಯಾರೆ ಇಡ್ರಿ ಅಂತ ಡಾಕ್ಟರ್ ಹೇಳ್ಯಾರ, ಅಷ್ಟ."

ದ್ಯಾವಪ್ಪ ಪಂಜರ ಕೆಳಗಿಟ್ಟ. ಮರುದಿನದಿಂದ ಹಳೆಯ ಅಂಗಿಯೊಂದನ್ನು ಆ ಕೋಣೆಯ ಗೂಟಕ್ಕೆ ತೂಗುಹಾಕಿ, ತಂಬಿಗೆ ಸಾಬೂನು ಇಟ್ಟುಕೊಂಡು, ತನ್ನ ಅವ್ವನ ಹಾಗೆಯೇ ಬಾಗಿಲಲ್ಲಿ ಕುಳಿತ. ಮೊದಲು ಮುತ್ತಿಗೆ ಕಾಳು. ಆಮೇಲೆ ಅಂಗಿ ಬದಲಿಸಿ ಇವಕ್ಕೆ ಔಷಧಿ. ಸೊಸೆ ಒಮ್ಮೆ ಹೇಳಿದ್ದನ್ನು ಮಾವ ಬಂದವರಿಗೆಲ್ಲ ಹತ್ತು ಸಲ ಹೇಳತೊಡಗಿದ. ಬಿಳಿ ಇಲಿ ನೋಡಲು ಖುದ್ದು ಅಂಬ್ರಪ್ಪನೇ, ಈಗ ಹಲ್ಲುದುರಿದ ಮುದುಕ, ಬಂದು ನಿಂತಾಗ ದ್ಯಾವಪ್ಪನ ಮೀಸೆ ಕುಣಿಯಿತು.

"ಸಾಬಣ ಹಚ್ಚಿ ತೊಳಕೋರಿ ಸಾವ್ಕಾರ್ರ. ಮೊಣಕೈತನ."

ಅಂಬ್ರಪ್ಪ ಒಂದು ಗಳಿಗೆ ಅವನ ಮುಖ ನೋಡಿದ. ಆಮೇಲೆ ಬಗ್ಗಿ ಕೈಯೊಡ್ಡಿದ. ದ್ಯಾವಪ್ಪನೇ ನೀರು ಹಾಕಿದ, ತಂಬಿಗೆ ತುಂಬ.

ಸೀನು ಪೂರಾ ನಿಂತು ಡಾಕ್ಟರು ಹೂಂ ಅಂದ ದಿನ, ತಿಕ್ಕಿ ತೊಳೆದ ಬಚ್ಚಲಲ್ಲಿ, ಯಾರದೂ ಅಲ್ಲದ ಜಾಗವೆಂದು, ಮೂರನ್ನೂ ಒಟ್ಟಿಗೆ ಬಿಟ್ಟರು. ಮುತ್ತಿ ಮೂಸಿ ನೋಡಿ ಒಂದರ ಬೆನ್ನು ನೆಕ್ಕಿತು. ಸಂಘಮಿತ್ರಾಳಿಗೆ ಖುಷಿಯೋ ಖುಷಿ. ಚಹಾ ಕಾಸಿಕೊಂಡು ಬಂದು ನೋಡಿದರೆ ಆ ಬೇರೆ ಬಟ್ಟಲು ಕಾಣಲಿಲ್ಲ.

"ಗುಜರಿ ಸರದಾರಸಾಬಗ ಹಾಕೀನಿ. ಉಳ್ಳಾಗಡ್ಡಿ ಕೊಟ್ಟಾನ."

"ಹೊಸಾದಿತ್ತಲ್ರಿ ಮಾವಾ!"

ದ್ಯಾವಪ್ಪ ಜೋಳದ ಡಬ್ಬಿ ತೆರೆದ. ಮುತ್ತಿಯ ಬಟ್ಟಲಿಗೆ ಇನ್ನೊಂದು ಹಿಡಿ ಜೋಳ ಸುರಿದ. ಮೂರು ಬಿಳಿ ತಲೆಗಳು ಒಟ್ಟಿಗೇ ಬಾಗಿದವು.