ಅಕ್ಕನ ಕಣ್ಣಿನ ಪ್ರಬಂಧ

ಹೊತ್ತು ಮುಳುಗಿದರೆ ಸಾಕು, ದ್ರೌಪದಿಗೆ ತನ್ನ ಮನೆಯೇ ಪರರ ಮನೆಯಾಗುತ್ತಿತ್ತು. ತವರಿನಲ್ಲಿ ಮೂರನೆಯ ಬಾಣಂತನ ಮುಗಿಸಿ ಗಂಡನೂರು ಹನ್ನೂರಿಗೆ ಬಂದಾಗಿನಿಂದ ಹೀಗೇ. ಹಗಲೆಲ್ಲ ನೆಟ್ಟಗಿರುತ್ತಿದ್ದ ಕಣ್ಣು ದೀಪ ಹಚ್ಚುವ ವೇಳೆಗೆ ಕೈಕೊಡುತ್ತಿತ್ತು. ಒಂದು ಸಂಜೆ ಗಂಡ ಸಾಯಬಣ್ಣನ ತಾಟಿಗೆಂದು ಬಗ್ಗಿಸಿದ ಬಿಸಿ ಸಾರು ಅವನ ಕಾಲ ಮೇಲೆ ಬಿತ್ತು. "ಕಣ್ಣ ಎಲ್ಲಿಟ್ಟೀಯ?" ಎಂದು ಅತ್ತೆ ಕಸ್ತೂರಬಾಯಿ ಗದರಿದರೂ ದ್ರೌಪದಿ ಬಾಯಿ ಬಿಡಲಿಲ್ಲ. ಕುರುಡಿ ಎಂಬ ಹೆಸರು ಒಮ್ಮೆ ಅಂಟಿದರೆ ಸಾಯುವತನಕ ಹೋಗುವುದಿಲ್ಲವೆಂದು ಅವಳಿಗೆ ಗೊತ್ತಿತ್ತು.

ಅವಳು ಹೇಳಿಕೊಂಡದ್ದು ತಮ್ಮನ ಹತ್ತಿರ ಮಾತ್ರ. ಶಾಂತಲಿಂಗಪ್ಪ ಸೊಲ್ಲಾಪುರದ ಅರಿವೆ ವ್ಯಾಪಾರಿಯ ಕೊನೆಯ ಮಗ. ಅಂಗಡಿಯ ಗಾದಿ ಬಿಟ್ಟು ಮುಂಬಯಿ ಸೇರಿ ಎಂ.ಎಸ್ಸಿ.ಗೆ ಓದುತ್ತಿದ್ದ. ಹಳ್ಳಿಯ ಜನ ಏನು ಉಣ್ಣುತ್ತಾರೆ, ಏನು ಉಣ್ಣದೆ ಇರುವುದರಿಂದ ಯಾವ ಬೇನೆ ಬರುತ್ತದೆ ಎಂಬುದರ ಮೇಲೆ ಅವನು ಪ್ರಬಂಧ ಬರೆಯಬೇಕಿತ್ತು. ೧೯೩೬ರ ಮಳೆಗಾಲದಲ್ಲಿ ತಕ್ಕಡಿ, ಬಾಟಲಿ, ಕ್ಯಾಮೆರಾ ಕಟ್ಟಿಕೊಂಡು ಅಕ್ಕನ ಊರಿಗೇ ಬಂದ.

ರೊಟ್ಟಿ ತೂಗುವ ಗಂಡಸನ್ನು ಕಂಡು ಓಣಿಯೆಲ್ಲ ನಕ್ಕಿತು. ಅಡಿಗೆಮನೆಯೊಳಗೆ ಬಿಟ್ಟುಕೊಳ್ಳುವವರು ಯಾರು? ದ್ರೌಪದಿಯೇ ಮನೆಮನೆಗೆ ಅವನ ಮುಂದೆ ನಡೆದಳು. "ನನ್ನ ತಮ್ಮ ಅದಾನ್ರಿ, ಹೊರಗಿನಂವ ಅಲ್ಲ" ಎಂದು ಒಂದು ಮಾತು ಹೇಳಿದರೆ ಬಾಗಿಲು ತೆರೆಯುತ್ತಿತ್ತು, ಅವನು ಕೊಟ್ಟ ಗುಳಿಗೆ, ಪುಡಿಗಳನ್ನೂ ಹೆಂಗಸರು ತೆಗೆದುಕೊಳ್ಳುತ್ತಿದ್ದರು. ಅವಳ ಮಾತಿಗೆ ಓಣಿಯಲ್ಲಿ ಅಷ್ಟು ಬೆಲೆಯಿತ್ತು.

ಇರುಳುಗಣ್ಣಿನ ಸಂಗತಿ ಕೇಳಿದಾಗ ಶಾಂತಲಿಂಗಪ್ಪ ಅವಳನ್ನು ಅಂಗಳದ ಬೆಳಕಿಗೆ ಕರೆದೊಯ್ದು ರೆಪ್ಪೆ ಎಳೆದು ನೋಡಿದ. ಅವನ ಮುಖದಲ್ಲಿ ಗಾಬರಿಗಿಂತ ಹುರುಪೇ ಹೆಚ್ಚಿದ್ದುದು ಅವಳಿಗೆ ಆಗ ವಿಚಿತ್ರವೆನಿಸಲಿಲ್ಲ. ಫೋಟೋ ತೆಗೆದ. "ಅವ್ವಗ ತೋರಸಾಕ" ಎಂದ. ಮರುದಿನ ಕಾಕಂಬಿಯಂಥ ಅಂಟುಪಾಕದ ಬಾಟಲಿಯೊಂದನ್ನು ಅವಳ ಕೈಗಿತ್ತ.

"ಏನೋ ಇದು? ವಾಸನಿ ಒಂಥರಾ ಐತಲ್ಲ."

"ಮೊಳಕಿ ಕಾಳಿನ ಪಾಕ, ಅಕ್ಕ. ನಾ ನಿನಗ ಕೆಟ್ಟದ್ದ ಕೊಡ್ತೀನೇನು?"

ಅವಳು ದಿನಾ ಬೆಳಿಗ್ಗೆ ಮಿಂದು, ಕೊರಳಿನ ಲಿಂಗವನ್ನು ಅಂಗೈಯಲ್ಲಿಟ್ಟು ಪೂಜಿಸಿ, ಆಮೇಲೆ ಒಂದು ಚಮಚ ನುಂಗುತ್ತಿದ್ದಳು. ಹದಿನೈದು ದಿನ ಕಳೆಯುವುದರೊಳಗೆ ಒಂದು ಸಂಜೆ ತೊಟ್ಟಿಲಲ್ಲಿದ್ದ ಕೂಸು ನಕ್ಕದ್ದು ಕಂಡಿತು. ದ್ರೌಪದಿ ಅಲ್ಲೇ ಕೂತು ಅತ್ತುಬಿಟ್ಟಳು.

ದಸರೆಯ ಮುಂದೆ ಅಕ್ಕಲಕೋಟೆಯಲ್ಲಿ ಆರೋಗ್ಯದ ಪ್ರದರ್ಶನ ನಡೆಯಿತು. ಶಾಂತಲಿಂಗಪ್ಪನ ಭಾಷಣವಿದೆಯೆಂದು ಹನ್ನೂರಿನಿಂದ ಗಾಡಿಗಳೇ ಹೊರಟವು. ಕಸ್ತೂರಬಾಯಿ ಸೊಸೆಯ ಪಕ್ಕದಲ್ಲೇ ಕೂತಳು. ಸಾಯಬಣ್ಣ ಗಂಡಸರ ಕಡೆ ನಿಂತ. ಬಿಳಿ ಪರದೆಯ ಮೇಲೆ ಚಿತ್ರಗಳು ಒಂದೊಂದಾಗಿ ಬೆಳಗಿದವು. ಐದನೆಯದೋ ಆರನೆಯದೋ ದ್ರೌಪದಿಯದೇ ಮುಖ. ಗೋಡೆಯಷ್ಟು ದೊಡ್ಡದು. ಯಾರದೋ ಬೆರಳು ಕೆಳಗಿನ ರೆಪ್ಪೆಯನ್ನು ಎಳೆದು ಹಿಡಿದಿತ್ತು.

"ಅಯ್ಯ, ನಮ್ಮ ದ್ರೌಪದಿ!" ಎಂದು ಕಸ್ತೂರಬಾಯಿ ಕೂಗಿಯೇಬಿಟ್ಟಳು.

ಶಾಂತಲಿಂಗಪ್ಪ ಮರಾಠಿಯಲ್ಲಿ ಮಾತಾಡುತ್ತಿದ್ದ. ಸೊಲ್ಲಾಪುರದ ಸಾಲೆಯಲ್ಲಿ ಕಲಿತ ದ್ರೌಪದಿಗೆ ಒಂದಕ್ಷರವೂ ತಪ್ಪಲಿಲ್ಲ. ಈ ಹೆಂಗಸಿಗೆ ಸಂಜೆ ಕಣ್ಣು ಕಾಣುತ್ತಿರಲಿಲ್ಲ, ನಾನು ಮೀನಿನೆಣ್ಣೆ ಬೆರೆಸಿದ ಪಾಕ ಕೊಟ್ಟೆ, ಈಗ ಕಾಣುತ್ತದೆ ಎಂದ. ಮೀನು ಮುಟ್ಟದವರು ನುಗ್ಗೆಸೊಪ್ಪು, ಮೆಂತೆಸೊಪ್ಪು ತಿಂದರೂ ತುಸು ತಡವಾಗಿ ಅದೇ ಗುಣ ಬರುತ್ತದೆ ಎಂದೂ ಸೇರಿಸಿದ. ಜನ ಚಪ್ಪಾಳೆ ತಟ್ಟಿದರು.

ದ್ರೌಪದಿಯ ಕೈ ತಾನಾಗಿ ಕೊರಳಿನ ಲಿಂಗಕ್ಕೆ ಹೋಯಿತು, ಮುಟ್ಟಲು ಅಂಜಿ ಅರ್ಧಕ್ಕೇ ನಿಂತಿತು.

"ಏನಂದ ಅಂವಾ? ನಿನ್ನ ಬಗ್ಗೆ ಏನಂದ?" ಅತ್ತೆ ಅವಳ ಮೊಣಕೈ ಜಗ್ಗಿದಳು.

"ತಡೀರಿ ಅತ್ತಿ, ಬಂದೆ."

ಪರದೆಯ ಹಿಂದೆ ತಮ್ಮ ಗಾಜಿನ ಚಿತ್ರಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದ. ಅವಳನ್ನು ಕಂಡು ನಕ್ಕ.

"ನುಗ್ಗಿ ತಪ್ಪಲದಿಂದನೂ ಆಗ್ತಿತ್ತಂತಲ್ಲೋ, ಶಾಂತು. ನಮ್ಮ ಹಿತ್ತಲದಾಗ ಗಿಡಾ ಐತಿ."

ಅವನ ನಗೆ ಇಳಿಯಿತು. "ಆಗ್ತಿತ್ತು ಅಕ್ಕ. ಖರೆ ಎಷ್ಟ ದಿನ ಹಿಡೀತಿತ್ತೋ? ದಿವಾಳಿ ಒಳಗ ಪ್ರಬಂಧ ಒಪ್ಪಸಬೇಕಿತ್ತು. ನಿನ್ನ ಕಣ್ಣಂತೂ ಬಂತಿಲ್ಲ?"

"ನನ್ನ ಒಂದ ಮಾತ ಕೇಳಬೇಕಿತ್ತು."

"ಕೇಳಿದ್ರ ನೀ ತಗೋತಿದ್ದೇನು? ನಾ ಹೇಳದ ಮಾಡಿಲ್ಲ, ಮಾಮಾನ್ನ ಕೇಳಿದ್ದೆ. ಅವರು ಹೂಂ ಅಂದ ಮ್ಯಾಲೇ ಕೊಟ್ಟೀನಿ."

ಮಾಮಾ ಎಂದರೆ ಸಾಯಬಣ್ಣ. ದಿನಾ ಬೆಳಿಗ್ಗೆ ಅವಳು ಚಮಚ ನೆಕ್ಕುವುದನ್ನು ಕಟ್ಟೆಯ ಮೇಲೆ ಕೂತು ನೋಡುತ್ತಿದ್ದ ಗಂಡ. ದ್ರೌಪದಿ ಗಾಡಿಯ ಕಡೆ ನಡೆದಳು.

ಗಾಡಿ ಊರ ದಾರಿ ಹಿಡಿದಾಗ ಅತ್ತೆ ಮತ್ತೆ ಅದನ್ನೇ ಕೇಳಿದಳು. ದ್ರೌಪದಿ ಒಂದನ್ನೂ ಮುಚ್ಚಿಡದೆ ಹೇಳಿದಳು. ಗಂಡ ಒಪ್ಪಿದ್ದನ್ನೂ ಗಾಡಿ ಹೊಡೆಯುತ್ತಿದ್ದ ಅವನ ಬೆನ್ನ ಹಿಂದೆಯೇ ಕೂತು ಹೇಳಿದಳು. ಕಸ್ತೂರಬಾಯಿ ಸೊಸೆಯ ತೊಡೆಯ ಮೇಲಿದ್ದ ತನ್ನ ಕೈ ತೆಗೆದಳು. ಮಗನ ಕಡೆ ತಿರುಗಿ, "ನನಗರೆ ಹೇಳಬಾರದಿತ್ತೇನೋ?" ಎಂದಳು.

"ಕಣ್ಣ ಹೋಗಿದ್ರ ಏನ ಮಾಡ್ತಿದ್ರಿ?" ಎಂದ ಸಾಯಬಣ್ಣ, ಎತ್ತುಗಳ ಕಡೆಯೇ ನೋಡುತ್ತ.

ಮರುದಿನ ಮಠದ ಅಯ್ಯನವರು ಬಂದು ಅವಳಿಗೆ ತೀರ್ಥ ಕೊಟ್ಟು, ತಿಳಿಯದೆ ತಿಂದದ್ದಕ್ಕೆ ಪಾಪವಿಲ್ಲ ತಂಗಿ, ಲಿಂಗ ಮುಟ್ಟು ಎಂದರು. ಮುಟ್ಟಿದಳು. ಪಾಪದ ಭಾರ ಇಳಿಯಿತು, ಆದರೆ ಎದೆಯೊಳಗಿನ ಉರಿ ಪಾಪದ್ದಾಗಿರಲಿಲ್ಲ. ಸುದ್ದಿ ತಿಳಿದ ಓಣಿಯ ಹೆಂಗಸರು ಶಾಂತಲಿಂಗಪ್ಪ ಕೊಟ್ಟ ಗುಳಿಗೆ, ಪುಡಿಗಳನ್ನೆಲ್ಲ ತಿಪ್ಪೆಗೆ ಸುರಿದರು. "ನಮಗೇನ ತಿನಿಸ್ಯಾನೋ ಯಾರಿಗ್ಗೊತ್ತ? ನೀನ ಕರಕೊಂಡ ಬಂದಾಕಿ" ಎಂದು ಎದುರಿಗೇ ಅಂದರು. ಅವಳು ಹೋದರೆ ಕೆಲವರು ಹೊಸ್ತಿಲಲ್ಲೇ ನಿಂತು ಮಾತಾಡಿಸಿ ಕಳಿಸಿದರು. ಗಂಡನಿಗೆ ಉಣ್ಣಲು ಬಡಿಸುತ್ತಿದ್ದಳು, ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು. ತಾನಾಗಿ ಏನನ್ನೂ ಹೇಳುವುದನ್ನು ಬಿಟ್ಟಳು. ಅವನು ಹಿತ್ತಲಿನ ನುಗ್ಗೆಸೊಪ್ಪು ತಾನೇ ಕಿತ್ತು ತಂದು ಒಲೆಯ ಹತ್ತಿರ ಇಡತೊಡಗಿದ. ಅವಳು ಬೇಯಿಸಿ ಎಲ್ಲರಿಗೂ ಬಡಿಸಿದಳು.

ದಿವಾಳಿಯಲ್ಲಿ ಅಣ್ಣತಮ್ಮಂದಿರ ಹಬ್ಬವಾದ ಭಾವಬೀಜದ ದಿನ ಶಾಂತಲಿಂಗಪ್ಪ ಇಳಕಲ್ ಸೀರೆ ಹಿಡಿದು ಬಂದ. ಪ್ರಬಂಧ ಒಪ್ಪಿಸಿಯಾಗಿತ್ತು. ಮುಂಬಯಿಯ ಪ್ರೊಫೆಸರರು ಮುಂದಿನ ಸಂಶೋಧನೆಗೂ ಅವನನ್ನೇ ಆರಿಸಿದ್ದರಂತೆ. ಅವನು ಮಣೆಯ ಮೇಲೆ ಕೂತ. ದ್ರೌಪದಿ ಕುಂಕುಮ ಹಚ್ಚಿ ಆರತಿ ಎತ್ತಿದಳು. ಆಯುಷ್ಯ ಹೆಚ್ಚಲಿ ಎಂದು ಮನಸಾರೆ ಬೇಡಿಕೊಂಡಳು. ತಮ್ಮನ ಸಾವನ್ನು ಯಾವ ಅಕ್ಕ ಬಯಸಿಯಾಳು?

ಊಟವಾದ ಮೇಲೆ ಅವನು ಚೀಲದಿಂದ ಒಂದು ಸೂಜಿ, ಸಣ್ಣ ಗಾಜಿನ ನಳಿಕೆ ತೆಗೆದ.

"ಅಕ್ಕ, ಈ ಸರ್ತಿ ನಿನ್ನ ಕೇಳೇ ಮಾಡ್ತೀನಿ. ಬೆರಳಿಂದ ಒಂದ ಹನಿ ರಕ್ತ ತಗೊಳ್ಳಲೇನು? ನಿಂದ ಇದ್ರ ನನ್ನ ಕೆಲಸ ಪೂರಾ ಆಗತೈತಿ."

ಸಾಯಬಣ್ಣ ಬಾಗಿಲಲ್ಲಿ ನಿಂತಿದ್ದ. ಶಾಂತಲಿಂಗಪ್ಪನ ಕಣ್ಣು ರೂಢಿಯಂತೆ ಅವನತ್ತ ಹೊರಳಿತು. ಸಾಯಬಣ್ಣ ತಲೆ ತಗ್ಗಿಸಿ, "ಆಕಿನ್ನ ಕೇಳು" ಎಂದ.

"ಕೇಳಿದೆಲ್ಲ, ಛಲೋ ಆತು" ಎಂದಳು ದ್ರೌಪದಿ. "ಬ್ಯಾಡ."

ಅವನು ಇನ್ನೇನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಅವಳು ಅವನ ತಾಟು ಎತ್ತಿಕೊಂಡು ಹಿತ್ತಲಿಗೆ ಹೋಗಿದ್ದಳು.