ತಿರುಗಿ ಹೊಡೆಯುವ ಎದುರಾಳಿ

ಚಿತ್ತರಂಜನ ಶೆಟ್ಟರಿಗೆ ಪಾರ್ಶ್ವವಾಯು ಬಡಿದದ್ದು ಮೀನು ಮಾರುಕಟ್ಟೆಯಲ್ಲಿ, ಅಂಜಲ್ ಮೀನಿನ ಕಿವಿರು ಎತ್ತಿ ನೋಡುತ್ತಿರುವಾಗ. ಪಕ್ಕದಲ್ಲಿದ್ದವರು ತಡಮಾಡದೆ ಫಳ್ನೀರಿನ ಆಸ್ಪತ್ರೆಗೆ ಸೇರಿಸಿದ್ದರಿಂದ ಜೀವ ಉಳಿಯಿತು, ಕಾಲೂ ಉಳಿಯಿತು. ಬಲಗೈ ಬೆರಳುಗಳು ಮಾತ್ರ ಹೇಳಿದ ಮಾತು ಕೇಳಲಿಲ್ಲ. ನಾಲಗೆಯೂ ಹಾಗೆಯೇ, ಮನಸ್ಸಿನಲ್ಲಿ ನೆಟ್ಟಗಿದ್ದ ಮಾತು ಬಾಯಿಗೆ ಬರುವಷ್ಟರಲ್ಲಿ ತೊದಲುತ್ತಿತ್ತು. ಕೂಳೂರಿನ ಹೆದ್ದಾರಿ ಬದಿಯಲ್ಲಿ ಮೀನೂಟದ ಹೋಟೆಲು ನಡೆಸುತ್ತ, ಅಡುಗೆಮನೆಯಿಂದ ಗಲ್ಲಾದವರೆಗೆ ಕೇಳುವಂತೆ ಗುಡುಗುತ್ತಿದ್ದ ಮನುಷ್ಯ ಈಗ ಕದ್ರಿಯ ಮನೆಯ ಸೋಫಾದಲ್ಲಿ ಬಾಯಿ ಮುಚ್ಚಿ ಕೂತರು.

ವ್ಯಾಯಾಮ ಮಾಡಿಸಲು ಮನೆಗೆ ಬರುತ್ತಿದ್ದ ಫಿಸಿಯೋಥೆರಪಿಸ್ಟ್ ಡ್ಯಾಫ್ನಿ, "ಬರೀ ಚೆಂಡು ಹಿಸುಕಿದ್ರೆ ಸಾಲದು ಶೆಟ್ರೇ, ಒಂದೊಂದು ಬೆರಳಿಗೂ ಬೇರೆ ಬೇರೆ ಕೆಲಸ ಬೇಕು" ಎಂದಳು. ಅದನ್ನು ಕೇಳಿಸಿಕೊಂಡ ಮಗಳು ಮನ್ವಿತಾ ತನ್ನ ವಿಡಿಯೋ ಗೇಮನ್ನು ಹಾಲ್‌ನ ಟಿವಿಗೆ ಜೋಡಿಸಿ, ರಿಮೋಟನ್ನು ಅಪ್ಪನ ಕೈಗಿಟ್ಟಳು. ಇಬ್ಬರು ಪೈಲ್ವಾನರು ಗುದ್ದಾಡುವ ಆಟ. ಒಂದು ಗುಂಡಿಗೆ ಗುದ್ದು, ಇನ್ನೊಂದಕ್ಕೆ ಒದೆ, ತೋರುಬೆರಳಿನ ಗುಂಡಿಗೆ ತಡೆ.

"ಇದು ಅಭ್ಯಾಸದ ಮೋಡ್ ಪಪ್ಪ. ನೀಲಿ ಅಂಗಿಯವ ಸುಮ್ಮನೆ ನಿಲ್ತಾನೆ. ನೀವು ಹೊಡೀರಿ."

ಶೆಟ್ಟರು ಹೊಡೆದರು. ನೀಲಿ ಅಂಗಿಯವ ಕಂಬದಂತೆ ನಿಂತು ಏಟು ತಿಂದ. ಮೊದಮೊದಲು ನಾಚಿಕೆಯಾಯಿತು, ಆಮೇಲೆ ರುಚಿ ಹತ್ತಿತು. ಹೆಬ್ಬೆರಳು ಸಡಿಲವಾದ ಮೇಲೆ ಮನ್ವಿತಾ, "ಇನ್ನು ಕಂಪ್ಯೂಟರೇ ಅವನನ್ನು ಆಡಿಸ್ತದೆ, ಜಾಗ್ರತೆ" ಎಂದಳು. ನೀಲಿ ಅಂಗಿಯವ ಅತ್ತಿತ್ತ ಓಡಾಡಿದ, ಗಾಳಿಯಲ್ಲಿ ಕೈ ಬೀಸಿದ. ಆದರೂ ಪ್ರತಿ ಸಲ ಗೆದ್ದದ್ದು ಶೆಟ್ಟರೇ. ಹೆಂಡತಿ ಸುಂದರಿ ಅಡುಗೆಮನೆಯಿಂದ ಬಂದು ಚಪ್ಪಾಳೆ ತಟ್ಟುತ್ತಿದ್ದಳು. ಶೆಟ್ಟರಿಗೆ ಒಳಗೊಳಗೇ ಹುಮ್ಮಸ್ಸು ಏರಿತು.

ಮನ್ವಿತಾ ಕಾಲೇಜಿಗೆ ಹೋಗಿದ್ದ ಒಂದು ಮಧ್ಯಾಹ್ನ ಅವರೊಬ್ಬರೇ ಆಟಕ್ಕೆ ಕೂತಾಗ ಹೆಬ್ಬೆರಳು ಜಾರಿ ಬೇರೆ ಗುಂಡಿ ಒತ್ತಿತು. ತೆರೆಯ ಮೇಲೆ ಪಟ್ಟಿಯೊಂದು ಬಂತು. ಕನ್ನಡಕ ಹಾಕಿಕೊಂಡು ಓದಿದರು. ಎದುರಾಳಿಯ ಮಟ್ಟ: ಎಲ್ಲಕ್ಕಿಂತ ಕೆಳಗಿನದು. ತಡೆಯುವುದು: ಇಲ್ಲ. ತಿರುಗಿ ಹೊಡೆಯುವುದು: ಇಲ್ಲ. ಅವರ ಪೈಲ್ವಾನನ ಶಕ್ತಿ: ಎಷ್ಟು ಏಟು ಬಿದ್ದರೂ ಮತ್ತೆ ತುಂಬಿಕೊಳ್ಳುವಂಥದು.

ರಿಮೋಟನ್ನು ಪಕ್ಕಕ್ಕಿಟ್ಟು, ಪಟ್ಟಿಯನ್ನು ತೆರೆಯ ಮೇಲೆ ಹಾಗೇ ಬಿಟ್ಟರು.

ಮಗಳು ಬಂದಾಗ ಟಿವಿಯ ಕಡೆ ಬೆರಳು ತೋರಿಸಿ, "ಎಂ... ಎಂತ ಇದು?" ಎಂದರು.

ಮನ್ವಿತಾಳ ಮುಖ ಸಣ್ಣದಾಯಿತು. "ನಿಮ್ಗೆ ಬೇಜಾರಾಗ್ಬಾರ್ದು ಅಂತ ಪಪ್ಪ."

"ಅವಳಿಗೆ ಬೈಬೇಡಿ, ನಾನೇ ಹೇಳಿದ್ದು" ಎಂದು ಸುಂದರಿ ನಡುವೆ ಬಂದಳು. "ಡಾಕ್ಟ್ರು ಮನಸ್ಸಿಗೆ ನೋವು ಮಾಡ್ಬೇಡಿ ಅಂದಿದ್ರಲ್ಲ."

ಶೆಟ್ಟರು ಬೈಯಲಿಲ್ಲ. ರಾತ್ರಿ ಊಟವನ್ನೂ ಸರಿಯಾಗಿ ಮಾಡಲಿಲ್ಲ. ಎಷ್ಟು ಸಲೀಸಾಗಿ ನಂಬಿಬಿಟ್ಟೆನಲ್ಲ ಎಂಬುದೇ ಅವರನ್ನು ಕೊರೆಯಿತು. ಹೋಟೆಲಿನ ಮ್ಯಾನೇಜರ್ ಯೋಗೀಶ್ ದಿನಾ ಸಂಜೆ ಫೋನಿನಲ್ಲಿ ಹೇಳುವ "ಎಲ್ಲ ಚೆಂದ ಉಂಟು ಧಣಿ, ನೀವು ರೆಸ್ಟ್ ತಗೊಳ್ಳಿ" ಎಂಬ ಮಾತೂ ನೆನಪಾಯಿತು.

ಬೆಳಿಗ್ಗೆ ಮಗಳನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡರು. "ಬದ... ಬದಲಾಯಿಸು. ತಡೀಲಿ. ತಿರುಗಿ ಹೊಡೀಲಿ."

"ಸೋಲ್ತೀರಿ ಪಪ್ಪ."

"ಸೋಲ್ತೇನೆ."

ಸೋತರು. ನೀಲಿ ಅಂಗಿಯವ ಕಣ್ಣು ಮಿಟುಕಿಸುವಷ್ಟರಲ್ಲಿ ಅವರ ಪೈಲ್ವಾನನನ್ನು ಮೂಲೆಗೊತ್ತಿ ನೆಲಕ್ಕೆ ಕೆಡವಿದ. ಮನ್ವಿತಾ ಅಪ್ಪನ ಮುಖವನ್ನೇ ಹೆದರಿ ನೋಡಿದಳು. "ಇನ್ನೊಮ್ಮೆ" ಎಂದರು ಅವರು. ಮತ್ತೆ ಸೋತರು. ಬೆವರಿಗೆ ಅವರ ಅಂಗಿ ಮೈಗಂಟಿತು. ಸೋತು ಸೋತು, ಅವನು ಒದೆಯಲು ಕಾಲೆತ್ತುವ ಮುಂಚೆ ಭುಜ ತುಸು ಬಾಗುತ್ತದೆ ಎಂಬುದು ಕಣ್ಣಿಗೆ ಬಿತ್ತು. ಒಂದು ಸಲ ಆ ಭುಜ ಬಾಗಿದ್ದೇ ತಡ, ಡ್ಯಾಫ್ನಿ ಎಷ್ಟು ಬೇಡಿಕೊಂಡರೂ ಅಲುಗದಿದ್ದ ತೋರುಬೆರಳು ತಾನಾಗಿ ಮಡಚಿ ತಡೆಯ ಗುಂಡಿಯನ್ನು ಒತ್ತಿತು. ಏಟು ತಪ್ಪಿತು.

"ಪಪ್ಪ, ಬೆರಳು!" ಎಂದು ಮನ್ವಿತಾ ಕೂಗಿದಳು. ಶೆಟ್ಟರು ಬೆರಳನ್ನು ನೋಡುತ್ತಿರುವಾಗಲೇ ನೀಲಿ ಅಂಗಿಯವ ಅವರನ್ನು ಮತ್ತೆ ಕೆಡವಿದ. ಅಪ್ಪ ಮಗಳು ಇಬ್ಬರಿಗೂ ನಗು ತಡೆಯಲಾಗಲಿಲ್ಲ.

ಅಂದು ಸಂಜೆ ಯೋಗೀಶನ ಫೋನು ಬಂದಾಗ ಶೆಟ್ಟರು, "ಸು... ಸುಳ್ಳು ಬೇಡ ಮಾರಾಯ. ನಿಜ ಹೇಳು" ಎಂದರು.

ಯೋಗೀಶ್ ದನಿ ತಗ್ಗಿಸಿದ. "ಬಂಗುಡೆ ಪುಳಿಮುಂಚಿ ಸಾರು ಮೊದಲಿನ ಹಾಗೆ ಇಲ್ಲ ಅಂತಾರೆ ಧಣಿ. ಖಾಯಂ ಗಿರಾಕಿಗಳು ಆಚೆ ಹೋಟೆಲಿಗೆ ಹೋಗ್ತಿದ್ದಾರೆ. ಅಡುಗೆಯ ಚೆನ್ನಪ್ಪ ನನ್ನ ಮಾತು ಕೇಳುದಿಲ್ಲ."

ಮರುದಿನ ಸುಂದರಿ ಕಾರು ಓಡಿಸಿಕೊಂಡು ಅವರನ್ನು ಕೂಳೂರಿಗೆ ಕರೆತಂದಳು. ಶೆಟ್ಟರು ಗೋಡೆ ಹಿಡಿದು ನೇರ ಅಡುಗೆಮನೆಗೆ ನಡೆದರು. ಹಳೆಯ ಅಡುಗೆಯವನಾದ ಚೆನ್ನಪ್ಪ ಸೌಟು ಕೆಳಗಿಟ್ಟು ಕೈಮುಗಿದ. ಶೆಟ್ಟರು ಸಾರನ್ನು ಅಂಗೈಗೆ ಹಾಕಿಸಿಕೊಂಡು ನೆಕ್ಕಿದರು.

"ಮಸಾಲೆ... ನಿನ್ನೆದು."

"ತಪ್ಪಾಯ್ತು ಧಣಿ. ನೀವು ಹೇಳಿದ ಹಾಗೇ ಮಾಡ್ತೇನೆ."

"ಹಾಗೆ ಹೇಳ್ಬೇಡ! ಯಾ... ಯಾಕೆ ಹೀಗೆ ಮಾಡಿದ್ದು, ಅದು ಹೇಳು."

ಚೆನ್ನಪ್ಪ ಒಮ್ಮೆ ಯೋಗೀಶನ ಕಡೆ, ಒಮ್ಮೆ ಸುಂದರಿಯ ಕಡೆ ನೋಡಿದ. ಆಮೇಲೆ ಕಟ್ಟೆ ಒಡೆಯಿತು. "ಗ್ರೈಂಡರ್ ಅರ್ಧ ಸತ್ತಿದೆ ಧಣಿ! ಬೆಳಿಗ್ಗೆ ಅರೀಲಿಕ್ಕೆ ಕೂತ್ರೆ ಮಧ್ಯಾಹ್ನ ಆಗ್ತದೆ. ಹೇಳಿದ್ರೆ, ಧಣಿಗೆ ಹುಷಾರಿಲ್ಲ, ತಲೆಬಿಸಿ ಮಾಡ್ಬೇಡ ಅಂತಾರೆ ಎಲ್ಲರೂ. ನಾನು ಎಂತ ಮಾಡ್ಬೇಕಿತ್ತು?"

"ನಂ... ನಂಗೆ ಹೇಳ್ಬೇಕಿತ್ತು!"

"ಫೋನು ಮಾಡಿದ್ರೆ ಎತ್ತುದು ಸುಂದರಿಯಕ್ಕ, ನಿಮ್ಗೆ ಕೊಡುದಿಲ್ಲ!"

"ಮನೆಗೆ ಬರ್ಲಿಕ್ಕೆ ಕಾ... ಕಾಲಿಲ್ವಾ ನಿಂಗೆ?"

ದನಿ ಏರಿತು. ಬಡಿಸುವವರು ಬಾಗಿಲಲ್ಲಿ ಗುಂಪುಗೂಡಿದರು. ಸುಂದರಿ ಒಂದು ಹೆಜ್ಜೆ ಮುಂದಿಟ್ಟವಳು ಹಾಗೇ ನಿಂತಳು. ಗಂಡ ತೊದಲುತ್ತಿದ್ದರು, ನಿಜ; ಆದರೆ ಒಂದರ ಹಿಂದೆ ಒಂದು ಮಾತು ಬರುತ್ತಿತ್ತು, ಯಾರೂ ಅದನ್ನು ಅವರ ಪರವಾಗಿ ಪೂರ್ತಿಮಾಡುತ್ತಿರಲಿಲ್ಲ.

ಕೊನೆಗೆ ಯೋಗೀಶ್ ರಿಪೇರಿಯವನನ್ನು ಕರೆತಂದ. ಗ್ರೈಂಡರ್ ತಿರುಗಿತು, ಹೊಸ ಮಸಾಲೆ ಅರೆದಾಯಿತು, ಬಂಗುಡೆ ಕುದಿಯಿತು. ಶೆಟ್ಟರು ಸ್ಟೂಲಿನ ಮೇಲೆ ಕೂತು, ಬಂಗುಡೆಯ ತುಂಡೊಂದನ್ನು ಬಾಯಿಗಿಟ್ಟು ಮತ್ತೆ ರುಚಿ ನೋಡಿದರು.

"ಉಪ್ಪು ಕಡಿಮೆ."

"ಉಪ್ಪು ಸರಿ ಉಂಟು ಧಣಿ" ಎಂದ ಚೆನ್ನಪ್ಪ, ಒಲೆಯಿಂದ ಮುಖ ತಿರುಗಿಸದೆ. "ನಿಮ್ಮ ನಾಲಗೆ ಇನ್ನೂ ಸರಿ ಆಗ್ಲಿಲ್ಲ."

ಶೆಟ್ಟರು ಅವನನ್ನೇ ದಿಟ್ಟಿಸಿದರು. ಆಮೇಲೆ ಅವರ ಹೊಟ್ಟೆ ಕುಲುಕತೊಡಗಿತು.

"ಆಗ್ತದೆ" ಎಂದರು ನಗುತ್ತಲೇ. "ಇನ್ನೊಂದು ತುಂಡು ಹಾಕು."