ಹಿಂಬದಿಗೆ ಸಿಕ್ಕಿಸಿದ ಗರಿ

ಬಟ್ಟೆ ತೊಳೆಯುವ ಯಂತ್ರವನ್ನು ಹೊಸದಾಗಿ ಕೊಳ್ಳುವುದೋ, ಅಪ್ಪನ ಅಂಗಡಿಯದನ್ನೇ ಒಯ್ಯುವುದೋ ಎಂದು ಮಗಳು ಹೊವಿತಾ ಕೇಳಿದಾಗ ಸತುರ್ನಿನಾ ಯೋಚಿಸಲೂ ಇಲ್ಲ.

"ಹೊಸದರಲ್ಲಿ ಏನಿದೆ? ಬರೀ ತಗಡು. ನಿಮ್ಮಪ್ಪನ ಕೈ ಆಡಿರೋದನ್ನ ಬಿಟ್ಟು ಅದನ್ನ ತರ್ತೀಯಾ?"

"ನಮ್ಮತ್ತೆ ಹೊಸದೇ ಆಗ್ಲಿ ಅಂತಾರಮ್ಮ. ಜಪಾನಲ್ಲಿ ಯಾರೋ ಸತ್ತವರ ಮನೇದು ನಮಗ್ಯಾಕೆ ಅಂತಾರೆ."

"ನಿಮ್ಮತ್ತೆ ಉಡೋ ಲಂಗ ಯಾರದಂತೆ? ಸಂತೇಲಿ ಹಳೇ ಬಟ್ಟೆ ಮೂಟೆ ಬಿಚ್ಚಿದ್ರೆ ಮೊದಲು ಕೈ ಹಾಕೋಳು ಅವಳೇ."

ಹೊವಿತಾ ನಕ್ಕಳು. ಅಪ್ಪ ಸತ್ತ ಮೇಲೆ ಅವಳು ನಕ್ಕದ್ದು ಅದೇ ಮೊದಲು. ಮರುದಿನ ಯಂತ್ರ ಅವಳ ಮನೆ ಸೇರಿತು.

ಜಪಾನಿನಿಂದ ಹಡಗಿನಲ್ಲಿ ಬರುವ ಹಳೆಯ ಯಂತ್ರಗಳನ್ನು ಬಿಚ್ಚಿ, ತಮ್ಮೂರು ಲೆಮೆರಿಯ ಕರೆಂಟಿಗೆ ಹೊಂದಿಸಿ ಮಾರುವುದು ಗಂಡ ಯುಸೆಬಿಯೊನ ನಲವತ್ತು ವರ್ಷದ ಕಸುಬಾಗಿತ್ತು. ಒಂದೊಂದು ಯಂತ್ರ ಮುಗಿದಾಗಲೂ ಅಡುಗೆಮನೆಯ ಬಾಗಿಲಿಗೆ ಬಂದು, "ಸತುರ್ನಿನಾ, ಒಂದು ಗರಿ ಕೊಡು" ಎನ್ನುತ್ತಿದ್ದ. ಈಸ್ಟರಿಗೆ ಮುಂಚಿನ ಗರಿಗಳ ಭಾನುವಾರ ಚರ್ಚಿನಲ್ಲಿ ಗುರುಗಳು ತೀರ್ಥ ಚಿಮುಕಿಸಿದ ತಾಳೆಗರಿ ಅದು. ಅದರ ತುಣುಕನ್ನು ಯಂತ್ರದ ಹಿಂಬದಿಯ ತಗಡಿಗೆ, ತುದಿ ಹೊರಗೆ ಇಣುಕುವಂತೆ ಸಿಕ್ಕಿಸುತ್ತಿದ್ದ. ಪೂಜೆಗೆ ಕರೆದರೆ ಬಾರದ ಗಂಡನಿಗೆ ಇಷ್ಟಾದರೂ ಭಕ್ತಿ ಇದೆಯಲ್ಲ ಎಂದು ಸತುರ್ನಿನಾ ದೇವರನ್ನು ನೆನೆಯುತ್ತಿದ್ದಳು.

ಅವನು ಕೆಲಸದ ಮೇಜಿನ ಮೇಲೆ ತಲೆಯಿಟ್ಟು ಹಾಗೇ ಹೋಗಿಬಿಟ್ಟ. ಅಂಗಡಿಯಲ್ಲಿ ಐದು ಯಂತ್ರಗಳು ಉಳಿದಿದ್ದವು. ಒಂಬತ್ತನೆಯ ದಿನದ ಜಪ ಮುಗಿದು ನೆಂಟರು ಹೋದ ಮೇಲೆ, ಸತುರ್ನಿನಾ ಉಳಿದ ಗರಿಯನ್ನು ಸೀಳಿ ಐದಕ್ಕೂ ತಾನೇ ಸಿಕ್ಕಿಸಿದಳು. ಅವನು ಬಿಟ್ಟುಹೋದ ಪ್ರಾರ್ಥನೆಯನ್ನು ತಾನು ಮುಗಿಸಿದೆನೆಂದು ಅವಳಿಗೆ ಸಮಾಧಾನವಾಯಿತು. ಯಾರಿಗೂ ಹೇಳಲಿಲ್ಲ.

ಆ ಐದರಲ್ಲಿ ಒಂದನ್ನು ಒಯ್ದ ವಾರಕ್ಕೆ ಹೊವಿತಾ ಫೋನು ಮಾಡಿದಳು.

"ಅಮ್ಮಾ, ಒಂದು ಹೇಳ್ತೀನಿ, ಹುಚ್ಚಿ ಅನ್ಬೇಡ. ಒದ್ದೆ ಕೈಲಿ ಯಂತ್ರ ಮುಟ್ಟಿದ್ರೆ ಜುಮ್ ಅನ್ನುತ್ತೆ. ಅಪ್ಪ ಬಂದು ಕೈ ಹಿಡಿದ ಹಾಗೆ."

ಸತ್ತವರು ನಲವತ್ತು ದಿನ ಮನೆಯವರನ್ನು ಬಿಟ್ಟು ಹೋಗುವುದಿಲ್ಲ. ಸತುರ್ನಿನಾಳ ಕಣ್ಣು ತುಂಬಿತು. ತನಗೆ ಒಂದು ಕನಸೂ ಬಿದ್ದಿರಲಿಲ್ಲ.

"ಹೆದರ್ಬೇಡ ಮಗಳೇ," ಎಂದಳು. "ಹಾಗನ್ನಿಸಿದಾಗ ಕೈ ತೆಗೀಬೇಡ. ಅಪ್ಪನ ಹೆಸರಲ್ಲಿ ಒಂದು ಜಪ ಹೇಳು."

ಮೂವತ್ತೊಂಬತ್ತನೆಯ ದಿನ ಶನಿವಾರ. ಮಾರನೆಯ ದಿನ ನಲವತ್ತರ ಊಟಕ್ಕೆಂದು ಸತುರ್ನಿನಾ ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಈಗ ಅಂಗಡಿ ನೋಡಿಕೊಳ್ಳುತ್ತಿದ್ದ ಗಂಡನ ತಮ್ಮ ದೆಲ್ಫಿನ್ ಎದುರಿಗೆ ಕೂತು ಹುರಿದ ಹಂದಿ ಚರ್ಮ ಮೆಲ್ಲುತ್ತಿದ್ದ.

"ಉಳಿದ ನಾಲ್ಕೂ ಮಾರಿಹೋದ್ವು ಅತ್ತಿಗೆ. ಅಣ್ಣ ರಿಪೇರಿ ಮಾಡಿದ್ದು ಅಂದ್ರೆ ಜನ ಬಿಡ್ತಾರಾ? ಆದ್ರೂ ಒಂದು ನನಗೆ ತಿಳೀಲಿಲ್ಲ. ಸಾಯೋ ಹಿಂದಿನ ದಿನ, 'ಒಂದೂ ಮುಗಿದಿಲ್ಲ ಕಣೋ' ಅಂತಿದ್ದ. ನೋಡಿದ್ರೆ ಐದಕ್ಕೂ ಗರಿ! ಅದ್ಯಾವಾಗ ಮುಗಿಸಿದ್ನೋ."

"ಗರಿಗೂ ಮುಗಿಸೋದಕ್ಕೂ ಏನಪ್ಪಾ?"

"ಇಷ್ಟು ವರ್ಷ ಬಾಳ್ವೆ ಮಾಡಿ ಗೊತ್ತಿಲ್ವಾ? ಅರ್ತ್ ವೈರ್ ಕಟ್ಟಿ, ಕರೆಂಟ್ ಬಿಟ್ಟು, ಬರಿಗೈಲಿ ಮುಟ್ಟಿ ನೋಡಿದ ಮೇಲೇ ಅವನು ಗರಿ ಇಡ್ತಿದ್ದಿದ್ದು. ಅದು ಕಂಡ್ರೆ ನಾನು ತಗಡು ಬಿಚ್ಚೋದೇ ಇಲ್ಲ."

ಸತುರ್ನಿನಾ ಚಾಕು ಕೆಳಗಿಟ್ಟಳು. "ನಾನಿಟ್ಟೆ," ಎಂದಳು. "ದೆಲ್ಫಿನ್, ಅವನ್ನ ಇಟ್ಟಿದ್ದು ನಾನು."

ಅವನು ಎದ್ದು ಮೋಟಾರು ಸೈಕಲ್ಲಿನ ಕೀಲಿ ಹುಡುಕಿದ.

ಹೊವಿತಾಳ ಫೋನು ಹೊಡೆದುಕೊಳ್ಳುತ್ತಲೇ ಇತ್ತು, ಯಾರೂ ಎತ್ತಲಿಲ್ಲ. ಶನಿವಾರ ಅವಳು ಬಟ್ಟೆ ಒಗೆಯಲು ಹಾಕುವ ದಿನ. ಮೈದುನನ ಮೋಟಾರು ಸೈಕಲ್ಲಿನ ಹಿಂದೆ ಕೂತ ಸತುರ್ನಿನಾಳಿಗೆ ಜಪದ ಮೊದಲ ಮಾತೇ ನೆನಪಾಗಲಿಲ್ಲ.

ಹಿತ್ತಲಿನಲ್ಲಿ ಯಂತ್ರ ಗಡಗಡ ಸದ್ದು ಮಾಡುತ್ತಿತ್ತು. ನೆಲದ ತುಂಬ ಸೋಪಿನ ನೀರು. ಹೊವಿತಾ ಬರಿಗಾಲಲ್ಲಿ ನಿಂತು, ಕಣ್ಣು ಮುಚ್ಚಿ, ಯಂತ್ರದ ಅಂಚನ್ನು ಹಿಡಿದಿದ್ದಳು. ತುಟಿ ಅಲುಗುತ್ತಿರಲಿಲ್ಲ. ತೋಳು ಭುಜದವರೆಗೂ ಅದುರುತ್ತಿತ್ತು.

ಸತುರ್ನಿನಾ ನುಗ್ಗಿದಳು. "ಮುಟ್ಬೇಡಿ ಅತ್ತಿಗೆ!" ಎಂದು ದೆಲ್ಫಿನ್ ಅವಳನ್ನು ಹಿಂದಕ್ಕೆ ತಳ್ಳಿ, ಒಳಗೆ ಓಡಿ ಮೇನ್ ಸ್ವಿಚ್ಚನ್ನು ಎಳೆದ. ಯಂತ್ರ ನಿಂತಿತು. ಹೊವಿತಾ ನೀರಿನಲ್ಲಿ ಕುಸಿದಳು.

ತಾಯಿ ಅವಳ ತಲೆಯನ್ನು ತೊಡೆಯ ಮೇಲೆ ಎಳೆದುಕೊಂಡು ಕೆನ್ನೆ ತಟ್ಟಿದಳು. ಬಹಳ ಹೊತ್ತಿಗೆ ಮಗಳು ಕಣ್ಣು ಬಿಟ್ಟಳು.

"ಇವತ್ತು ಗಟ್ಟಿಯಾಗಿ ಹಿಡ್ಕೊಂಡಿದ್ರಮ್ಮ," ಎಂದಳು. "ಅಪ್ಪ ಬಿಡ್ತಾನೇ ಇರ್ಲಿಲ್ಲ."

ದೆಲ್ಫಿನ್ ಹಿಂಬದಿಯ ತಗಡು ಬಿಚ್ಚಿದ. ಅರ್ತ್‌ನ ಹಸಿರು ತಂತಿ ಯಾವುದಕ್ಕೂ ಸೇರದೆ ಸುರುಳಿ ಸುತ್ತಿಕೊಂಡಿತ್ತು. ಪಕ್ಕದಲ್ಲೇ ಗರಿ.

"ಆ ನಾಲ್ಕು ಯಾರ ಮನೇಲಿವೆ?" ಎಂದು ಸತುರ್ನಿನಾ ಕೇಳಿದಳು.

"ಎರಡು ಗೊತ್ತು, ಈಗಲೇ ಹೋಗ್ತೀನಿ. ಇನ್ನೆರಡು..." ಅವನು ಮುಖ ಒರೆಸಿಕೊಂಡ. "ದಾರೀಲಿ ಹೋಗ್ತಿದ್ದ ಹೆಂಗಸರು ತಗೊಂಡ್ರು. ಊರು ಕೇಳ್ಲಿಲ್ಲ. ಗರಿ ಇದೆಯಾ ಅಂತಷ್ಟೇ ಕೇಳಿದ್ರು ಅತ್ತಿಗೆ. ಇದೆ ಅಂದೆ."

ಹೊವಿತಾಳ ಅತ್ತೆ ಬಂದು ಸೊಸೆಯನ್ನು ತಬ್ಬಿಕೊಂಡಳು. ಸತುರ್ನಿನಾ ಒದ್ದೆ ಲಂಗದಲ್ಲೇ ಬೀದಿಗೆ ಬಂದಳು. ಬಿಸಿಲು ಚೆನ್ನಾಗಿತ್ತು. ಗೋಡೆಗಳ ಆಚೆ, ಒಂದು ಹಿತ್ತಲು ಬಿಟ್ಟು ಇನ್ನೊಂದರಲ್ಲಿ, ಯಂತ್ರಗಳು ತಿರುಗುತ್ತಿದ್ದವು. ಅವಳು ಮೊದಲ ಬಾಗಿಲು ಬಡಿದಳು.